ಹೆಣ್ಣು ಜಿಂಕೆಯ ಹಿಂದೆ ತೆನಿನ್

ನನ್ನ ಸೋದರತ್ತೆ ತೆನಿನ್ ಗಡಸು ದನಿಯವಳು. ಸೆಗು ಸೀಮೆಯ ನಮ್ಮ ಊರಿನಲ್ಲಿ ಸಜ್ಜೆ ಹೊಲವನ್ನು ಗಂಡಸರೆಲ್ಲ ಸೇರಿ ಅಗೆಯುವ ದಿನ, ಎಲ್ಲರಿಗಿಂತ ಮೊದಲು ಸಾಲು ಮುಗಿಸಿದವನು ಚಿವಾರಾ ಹೊರುತ್ತಾನೆ. ಚಿವಾರಾ ಎಂದರೆ ತಲೆಯ ಮೇಲೆ ಕಟ್ಟುವ ಮರದ ಜಿಂಕೆ; ಗಂಡು ಹೆಣ್ಣಿನ ಜೋಡಿ, ಗೆದ್ದವನಿಗೆ ಗಂಡು. ಗೆದ್ದವನ ಹೆಸರನ್ನು ಮೊದಲು ಎತ್ತಿ ಹಾಡುವವಳು ತೆನಿನ್. ಇಪ್ಪತ್ತು ವರ್ಷದಿಂದ ಆ ಜಾಗ ಅವಳದು.

ಆ ವರ್ಷ ಗೆದ್ದವನು ಸಿರಿಮಾನ್. ಊರ ಯಜಮಾನ ಮೊಲೊಬಾಲಿಯ ಮಗ ಝಾನ್ ಅರ್ಧ ಸಾಲಿಗೇ ಗುದ್ದಲಿ ಒಗೆದು ಮರದ ನೆರಳು ಸೇರಿದ್ದ. ಆದರೂ ಯಜಮಾನ ಗಂಡು ಜಿಂಕೆಯನ್ನು ಮಗನ ತಲೆಗೇ ಕಟ್ಟಿಸಿದ. ಸಿರಿಮಾನನ ಬಾಯಿ ಮುಚ್ಚಿಸಲು ಜೋಡಿಯ ಹೆಣ್ಣು ಜಿಂಕೆಯನ್ನು ಕೊಟ್ಟ.

"ತೆನಿನ್, ಇವತ್ತು ಝಾನ್ ಹೆಸರು ಹಾಡು."

"ಯಾವ ಝಾನ್ ಯಜಮಾನ್ರೇ? ನೆರಳು ಅಗೆದೋನಾ?"

"ನಾಲಗೆ ಬಿಗಿ ಹಿಡಿ. ಇಲ್ಲಾಂದ್ರೆ ಮುಂದೆ ನಿಂತು ಹಾಡೋಳು ನಿನ್ನ ಹಿಂದೆ ದನಿಗೂಡಿಸೋ ನ್ಯೆಲೆ, ನೀನಲ್ಲ."

"ನೀವು ಕುಲಿಬಾಲಿಗಳು ಅಲಸಂದೆ ತಿಂದೂ ತಿಂದೂ ಹೊಟ್ಟೆ ಉಬ್ಬಿಸ್ಕೊಂಡಿದೀರಿ. ಅದಕ್ಕೇ ಹೊಲದಲ್ಲಿ ಬಗ್ಗೋಕಾಗಲ್ಲ!"

ನಮ್ಮ ತ್ರಾವೊರೆ ಮನೆತನದವರು ಯಜಮಾನನ ಕುಲಿಬಾಲಿ ಮನೆತನದವರನ್ನು ಹೀಗೆ ಹಂಗಿಸುವುದು ಅಜ್ಜಂದಿರ ಕಾಲದ ಸಲಿಗೆ; ಯಾರೂ ಸಿಟ್ಟಾಗುವ ಹಾಗಿಲ್ಲ. ಯಜಮಾನನೂ ನಗಲೇಬೇಕಾಯಿತು. ಕಣ್ಣು ಮಾತ್ರ ನಗಲಿಲ್ಲ.

ಡೋಲು ಶುರುವಾಯಿತು. ಜಿಂಕೆಗಳೆರಡೂ ಕೋಲೂರಿ ಬಗ್ಗಿಕೊಂಡು ಬಯಲಿಗೆ ಬಂದವು. ಗಂಡಿನ ಕತ್ತಿನ ಮೇಲೆ ಕೆತ್ತಿದ ಕೂದಲು ಸೂರ್ಯನ ದಾರಿ. ಹೆಣ್ಣು ಭೂಮಿ, ಅವಳ ಬೆನ್ನ ಮೇಲೆ ಕೆತ್ತಿದ ಮರಿ ನಾವು ಮನುಷ್ಯರು. ಹಾಡುವ ಹೆಂಗಸರು ಹಿಂದೆ ಬರದಿದ್ದರೆ ಕುಣಿತವಿಲ್ಲ. ಝಾನ್ ಎಗರಿ ಎಗರಿ ಮುಂದೆ ನಡೆದ. ಹೆಂಗಸರೆಲ್ಲ ತೆನಿನ್ ಮುಖ ನೋಡಿದರು.

ಅವಳು ಝಾನನನ್ನು ದಾಟಿ ಹೋದಳು. ಹೆಣ್ಣು ಜಿಂಕೆಯ ಹಿಂದೆ ನಿಂತು ದನಿ ಎತ್ತಿದಳು:

"ಸಿರಿಮಾನ್, ಬಿಸಿಲು ನಿನ್ನ ಬೆನ್ನ ಮೇಲೆ ದಣಿಯಿತು, ನೀನು ದಣಿಯಲಿಲ್ಲ!"

ಒಬ್ಬೊಬ್ಬರಾಗಿ ಹೆಂಗಸರು ಅವಳ ಹಿಂದೆ ಸೇರಿದರು. ಕಡೆಗೆ ನ್ಯೆಲೆಯೂ, ತಲೆ ತಗ್ಗಿಸಿ. ಡೋಲು ಕೂಡ ಅತ್ತ ತಿರುಗಿತು. ಝಾನ್ ಇನ್ನೆರಡು ಸಲ ಎಗರಿ, ಹಿಂದೆ ಯಾರೂ ಇಲ್ಲವೆಂದು ತಿಳಿದು, ಮೈತುಂಬ ಕಟ್ಟಿದ್ದ ನಾರಿನ ವೇಷ ಜೋತಾಡಿಸಿಕೊಂಡು ನಿಂತುಬಿಟ್ಟ.

ಯಜಮಾನ ಅತ್ತೆಗೆ ಅಡ್ಡ ಬಂದ. "ಇವತ್ತಿಗೆ ಮುಗೀತು. ಇನ್ನು ನಿನಗೆ ಆ ಜಾಗ ಇಲ್ಲ."

"ಆಯ್ತು ಯಜಮಾನ್ರೇ. ಈಗ ದಾರಿ ಬಿಡಿ, ಜಿಂಕೆ ಬರ್ತಿದೆ."

ಅವನು ಸರಿಯಲೇಬೇಕಾಯಿತು.

ಮರುವರ್ಷ ಮುಂದೆ ನಿಂತವಳು ನ್ಯೆಲೆ. ಅತ್ತೆ ಎಲ್ಲರಿಗಿಂತ ಹಿಂದೆ ನಿಂತು ಹಾಡಿದಳು, ದನಿಯನ್ನು ಒಂದಿಷ್ಟೂ ತಗ್ಗಿಸದೆ.