ಇನ್‌ಕ್ಯುಬೇಟರಿನೊಳಗಿನ ಮಕ್ಕಳು ಹುಟ್ಟಿದ್ದು ಯಾವಾಗ?

2022ರಲ್ಲಿ ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಟೆಕ್ನೀಶಿಯನ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಹುದ್ದೆಯ ಹೆಸರು ದೊಡ್ಡದು. ನನ್ನ ಓದು ಒಂಬತ್ತನೆಯ ತರಗತಿ. ಕೊಡಿಯಾಲ್‌ಬೈಲಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಯಂತ್ರಗಳ ಜೊತೆ ಬರುವ ಮ್ಯಾನ್ಯುವಲ್‌ಗಳನ್ನು ನಿಘಂಟಿನ ಸಹಾಯದಿಂದ ಓದಿ ಕಲಿತವನು ನಾನು. ಆಗ ಅಂಟಿದ ಒಂದು ಚಾಳಿ ಇನ್ನೂ ಬಿಟ್ಟಿಲ್ಲ: ಯಂತ್ರ ಕೆಟ್ಟಿದೆಯೆಂದು ಹತ್ತು ಮಂದಿ ಹೇಳಿದರೂ ಮೀಟರ್ ಹಿಡಿದು ನೋಡದೆ ಒಪ್ಪುವುದಿಲ್ಲ. ನಾನು ಇಲ್ಲಿ ಹೇಳಲಿರುವ ಅವಳಿ ಮಕ್ಕಳ ವಿಷಯದಲ್ಲಿ, ಬೋಳಾರದಲ್ಲಿ ಅವರ ಮನೆಯಿರುವ ಬೀದಿಯೆಲ್ಲ ಒಂದು ಪವಾಡದ ಕತೆಯನ್ನು ಒಪ್ಪಿಕೊಂಡಿದೆ. ನಾನು ಒಪ್ಪಿಲ್ಲ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಆ ವರ್ಷದ ಫೆಬ್ರವರಿಯಲ್ಲಿ ಶೈಲಾ ಎಂಬಾಕೆಗೆ ಇಪ್ಪತ್ತೊಂಬತ್ತನೆಯ ವಾರದಲ್ಲೇ ರಕ್ತದೊತ್ತಡ ಏರಿ ಸಿಸೇರಿಯನ್ ಆಯಿತು. ದಿನ ತುಂಬಲು ಇನ್ನೂ ಎರಡೂವರೆ ತಿಂಗಳಿತ್ತು. ಗಂಡು ಮಗು 1,310 ಗ್ರಾಂ, ಹೆಣ್ಣು 1,020 ಗ್ರಾಂ. ತಾಯಿ ಐಸಿಯುನಲ್ಲಿದ್ದಳು, ಗಂಡ ಸೌದಿಯ ದಮ್ಮಾಮಿನಲ್ಲಿ ರಜೆಗಾಗಿ ಕಾಯುತ್ತಿದ್ದ. ಮಕ್ಕಳು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನಾನು ನೋಡಿಕೊಳ್ಳುತ್ತಿದ್ದ ಎರಡು ಇನ್‌ಕ್ಯುಬೇಟರುಗಳಲ್ಲಿದ್ದವು.

ಅದು ತಾಯಿಯ ಕಡೆಯಿಂದ ಕುಟುಂಬ ಎಣಿಸುವ ತುಳುವರ ಮನೆ. ಶೈಲಾಳ ಸೋದರಮಾವನೇ ಅಲ್ಲಿ ಯಜಮಾನ. ಇಂಥ ಮನೆಗಳಲ್ಲಿ ಮಗು ಹುಟ್ಟಿದರೆ ಕುಟುಂಬದವರಿಗೆಲ್ಲ ಕೆಲವು ದಿನ ಅಮೆ, ಅಂದರೆ ಸೂತಕ. ಆ ದಿನಗಳಲ್ಲಿ ದೈವದ ಕೆಲಸಕ್ಕೆ ಕೈ ಹಾಕುವಂತಿಲ್ಲ. ಯಜಮಾನರು ಮನೆಯ ದೈವದ ಚಾವಡಿಯನ್ನು ಗ್ರಾನೈಟು ಹಾಕಿಸಿ ಹೊಸದು ಮಾಡಿದ್ದರು. ಮಕ್ಕಳು ಹುಟ್ಟಿದ ಹನ್ನೆರಡನೆಯ ದಿನ, ಅಂದರೆ ಅಮೆ ಕಳೆಯುವ ಮೊದಲೇ, ಅಲ್ಲಿ ದೈವಕ್ಕೆ ಎಡೆಯಿಟ್ಟು ಪೂಜಿಸುವ ತಂಬಿಲ ಸೇವೆ ನಿಗದಿಯಾಗಿತ್ತು. ಮುಂದೂಡಿದರೆ ದೈವವೇನೂ ಮುನಿಯುತ್ತಿರಲಿಲ್ಲ. ಅಚ್ಚಾಗಿದ್ದ ಆಮಂತ್ರಣ ಪತ್ರಿಕೆ ಮುನಿಯುತ್ತಿತ್ತು.

ಎರಡನೆಯ ದಿನ ಯಜಮಾನರು ನನ್ನನ್ನು ಕಾರಿಡಾರಿನಲ್ಲಿ ಹಿಡಿದರು. ಮಾತು ತುಳುವಿನಲ್ಲಿ ನಡೆಯಿತು, ಕನ್ನಡಕ್ಕೆ ಇಳಿಸಿದ್ದೇನೆ.

"ನೀವು ಆ ಪೆಟ್ಟಿಗೆಯವರಲ್ವಾ? ಅದು ಹೊಟ್ಟೆಯ ಹಾಗೆಯೇ ಕೆಲಸ ಮಾಡ್ತದೆ ಅಂತ ಎಲ್ಲರೂ ಹೇಳ್ತಾರೆ. ಹಾಗಾದ್ರೆ ಮಕ್ಕಳು ಇನ್ನೂ ಹುಟ್ಟಿದ ಲೆಕ್ಕ ಅಲ್ಲ. ಹೊರಗೆ ತೆಗೆದ ದಿನದಿಂದ ಅಮೆ. ಸರಿ ಉಂಟಲ್ಲ?"

"ಹೊಟ್ಟೆಗೆ ಪ್ಲಗ್ ಇರುವುದಿಲ್ಲ ಯಜಮಾನರೇ," ಎಂದೆ. "ಹೊಟ್ಟೆಯೊಳಗಿನ ಮಗು ಅಳುವುದೂ ಇಲ್ಲ. ಬಾಗಿಲ ಹತ್ತಿರ ನಿಂತು ಕೇಳಿ."

"ನಿಮಗೆ ತಮಾಷೆ ಮಾರಾಯ್ರೆ. ಇನ್ನೂರು ಜನಕ್ಕೆ ಕಾಗದ ಹೋಗಿ ಆಗಿದೆ!"

ಮನೆಗೆ ಹೋದವರೇ ಅಪ್ಪಣೆ ಹೊರಡಿಸಿದರು: ತಂಬಿಲ ಮುಗಿಯುವವರೆಗೆ ಮಕ್ಕಳನ್ನು ಪೆಟ್ಟಿಗೆಯಿಂದ ತೆಗೆಯಬಾರದು, ಮನೆಯವರು ಯಾರೂ ಮುಟ್ಟಬಾರದು. ಯಾವ ತಂತ್ರಿಯೂ, ದೈವ ಮೈಮೇಲೆ ಬರುವ ಯಾವ ಪಾತ್ರಿಯೂ ಹೀಗೆ ಹೇಳಿರಲಿಲ್ಲ. ಮೂವತ್ತು ವರ್ಷ ಹೆಂಚಿನ ವ್ಯಾಪಾರ ಮಾಡಿದ ಮನುಷ್ಯ ಒಂದು ರಾತ್ರಿಯಲ್ಲಿ ಶಾಸ್ತ್ರಕಾರನಾಗಿದ್ದ. ಮನೆಯವರು ಹೂಂ ಎಂದು ತಲೆಯಾಡಿಸಿದರು.

ಆರನೆಯ ದಿನ ಹೆಣ್ಣು ಮಗುವಿನ ತೂಕ 950 ಗ್ರಾಮಿಗೆ ಇಳಿಯಿತು. ಅದಕ್ಕಿಂತ ದೊಡ್ಡ ತೊಂದರೆ ಅಪ್ನಿಯಾ. ದಿನ ತುಂಬದ ಮಗುವಿನ ಮೆದುಳು ಉಸಿರಾಡುವುದನ್ನೇ ಮರೆತುಬಿಡುತ್ತದೆ, ಮಾನಿಟರ್ ಕೂಗುತ್ತದೆ, ನರ್ಸ್ ಬಂದು ಅಂಗಾಲು ತಟ್ಟಿ ಎಬ್ಬಿಸಬೇಕು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನಾಲ್ಕು ಸಲ ಹಾಗಾಗಿತ್ತು. ಇನ್‌ಕ್ಯುಬೇಟರಿನ ಮೇಲೆ ಗುಮಾನಿ ಬಂದು ನನ್ನನ್ನು ಕರೆದರು. ಸೆನ್ಸರ್ ಬದಲಿಸಿದೆ, ಬೇರೆ ಥರ್ಮಾಮೀಟರ್ ಇಟ್ಟು ಅಳೆದೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ.

ಡಾಕ್ಟರಮ್ಮ ಕಾಂಗರೂ ಆರೈಕೆ ಬೇಕೆಂದರು: ಮಗುವನ್ನು ಬರಿಮೈಯಲ್ಲಿ ದೊಡ್ಡವರ ಎದೆಗೆ ಒರಗಿಸಿ, ಬಟ್ಟೆ ಸುತ್ತಿ, ಗಂಟೆಗಟ್ಟಲೆ ಕೂರುವುದು. ತಾಯಿ ಐಸಿಯುನಲ್ಲೇ ಸಹಿ ಹಾಕಿದಳು, ಆದರೆ ಅವಳಿಗೆ ಎದ್ದು ಕೂರುವ ಶಕ್ತಿಯಿರಲಿಲ್ಲ. ಉಳಿದವರು ಅವಳ ತಾಯಿ ಲೀಲಕ್ಕ ಒಬ್ಬರೇ, ಯಜಮಾನರ ತಂಗಿ.

"ನಿಮ್ಮ ಎದೆ ಸಾಕು ಅಮ್ಮ," ಎಂದರು ಡಾಕ್ಟರು. "ಆದರೆ ಇವತ್ತೇ ಬೇಕು."

ಲೀಲಕ್ಕ ಅಣ್ಣನಿಗೆ ಫೋನ್ ಮಾಡಿದರು. ಆತನ ಧ್ವನಿ ನನಗೂ ಕೇಳಿಸಿತು.

"ಆರು ದಿನ ತಡ್ಕೊಳ್ಳಿಕ್ಕೆ ಆಗುವುದಿಲ್ವಾ ನಿನಗೆ? ಪೆಟ್ಟಿಗೆಯಲ್ಲಿ ಬೆಚ್ಚಗೆ ಉಂಟಲ್ಲ! ಅಷ್ಟು ಜನರ ಮುಂದೆ ನನ್ನ ಮರ್ಯಾದೆ ಎಂತ ಆಗ್ಬೇಕು?"

ತಾಯಿಯಿಂದ ಮಗಳಿಗೆ ಸಾಗುವ ಕುಟುಂಬದ ಮುಂದಿನ ಕುಡಿ ಆ 950 ಗ್ರಾಂ ತೂಕದ ಹೆಣ್ಣುಮಗು. ವಂಶದ ದೈವಕ್ಕೆ ಗ್ರಾನೈಟು ಹಾಕಿಸಿದಾತನಿಗೆ ಆ ವಂಶವೇ ಉಸಿರಾಡಲು ಮರೆಯುತ್ತಿದೆಯೆಂಬುದು ಹೊಳೆಯಲಿಲ್ಲ.

ಲೀಲಕ್ಕ ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ನೀವು ಹೇಳಿ. ಪೆಟ್ಟಿಗೆ ಸಾಕಾ?"

"ಬಿಸಿ ಕೊಡ್ತದೆ ಲೀಲಕ್ಕ. ಉಸಿರು ನೆನಪು ಮಾಡಿಕೊಡ್ಲಿಕ್ಕೆ ಅದಕ್ಕೆ ಬರುವುದಿಲ್ಲ."

ಅವರು ಬಳೆ, ಸರ ತೆಗೆದು ಸೆರಗಿನ ತುದಿಗೆ ಕಟ್ಟಿದರು. "ಕೈ ತೊಳೆಯುವುದು ಎಲ್ಲಿ ಸಿಸ್ಟರ್?" ಎಂದು ಕೇಳಿದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಅಣ್ಣನಿಗೆ ಹೇಳುವುದು ಬೇಡ ಆಯ್ತಾ," ಎಂದರು.

ಅಂದಿನಿಂದ ಪ್ರತಿದಿನ ಮಧ್ಯಾಹ್ನ ಎರಡರಿಂದ ಆರರವರೆಗೆ, ಮಗಳ ಹತ್ತಿರ ಕೂರುತ್ತೇನೆಂದು ಮನೆಯಲ್ಲಿ ಹೇಳಿ ಬಂದು, ಆ ಹೆಂಗಸು ಒಂದು ಕುರ್ಚಿಯಲ್ಲಿ ಒರಗಿ ಕೂತರು. ಮೂತ್ರಕ್ಕೂ ಏಳುತ್ತಿರಲಿಲ್ಲ. ಹನ್ನೊಂದನೆಯ ದಿನ ನಾನೇ ಮಾನಿಟರಿನ ದಾಖಲೆ ತೆಗೆದು ನೋಡಿದೆ: ಹದಿನಾಲ್ಕು ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಎದೆಯ ಬಿಸಿಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ; ಉಸಿರಾಟವನ್ನು ಚುರುಕುಗೊಳಿಸುವ ಕೆಫೀನ್ ಔಷಧಿಯಿತ್ತು, ಹಿಂಡಿ ತರುತ್ತಿದ್ದ ತಾಯಿಯ ಹಾಲಿತ್ತು, ನರ್ಸುಗಳಿದ್ದರು. ಆದರೆ ಅವರು ಕೂತ ನಾಲ್ಕು ಗಂಟೆಗಳಲ್ಲಿ ಮಾನಿಟರ್ ಒಮ್ಮೆಯೂ ಕೂಗಿರಲಿಲ್ಲ.

ಹನ್ನೆರಡನೆಯ ದಿನ ತಂಬಿಲ ನಡೆಯಿತು. ಬೆಳಿಗ್ಗೆ ಮಿಂದು, ಎಲ್ಲರ ಜೊತೆ ಚಾವಡಿಯ ಮುಂದೆ ನಿಂತು ಕೈ ಮುಗಿದ ಲೀಲಕ್ಕ ಎರಡು ಗಂಟೆಗೆ ಮತ್ತೆ ಕುರ್ಚಿಯಲ್ಲಿದ್ದರು.

ಮಕ್ಕಳಿಬ್ಬರೂ ಏಪ್ರಿಲಿನಲ್ಲಿ ಮನೆಗೆ ಹೋದರು. ಹೆಸರಿಡುವ ದಿನ ನನಗೂ ಕರೆಯಿತ್ತು. ಯಜಮಾನರು ಮೈಕು ಹಿಡಿದು, "ಅಮೆ ತಾಗದ ಹಾಗೆ ತಂಬಿಲ ಕೊಟ್ಟೆವು, ದೈವ ಎರಡು ಜೀವ ಕೊಟ್ಟಿತು," ಎಂದರು. ಚಪ್ಪಾಳೆ. ನಮ್ಮ ಆಸ್ಪತ್ರೆಯ ಪ್ರತಿನಿಧಿಯೊಬ್ಬರು ಅತ್ಯಾಧುನಿಕ ಯಂತ್ರಗಳನ್ನು ಹೊಗಳಿದರು. ಮತ್ತೂ ಚಪ್ಪಾಳೆ. ಆ ಯಂತ್ರಗಳ ಸ್ಕ್ರೂ ಬಿಗಿ ಮಾಡಿದವನು ನಾನು. ನನಗೆ ಅಸಹ್ಯವಾಗಿ ಎದ್ದು ನಿಂತೆ. ಲೀಲಕ್ಕ ಕಣ್ಸನ್ನೆಯಲ್ಲೇ ಅಡುಗೆಮನೆಗೆ ಕರೆದರು. ಹೆಣ್ಣುಮಗು ಅವರ ತೋಳಿನಲ್ಲಿತ್ತು.

"ಎಂತ ಹೇಳ್ಲಿಕ್ಕೆ ಹೊರಟದ್ದು ನೀವು?"

"ಸತ್ಯ."

"ಅದನ್ನು ಹೇಳಬೇಕಾದವರಿಗೆ ನಾನು ಹೇಳಿ ಆಗಿದೆ. ತಂಬಿಲದ ದಿನ ಕೈ ಮುಗಿದು ಹೇಳಿದೆ: ನನ್ನ ಮೈಯಲ್ಲಿ ಅಮೆ ಉಂಟು, ತಪ್ಪಾದರೆ ನನ್ನನ್ನು ಕೇಳು, ಮಗುವನ್ನು ಕೇಳಬೇಡ. ದೈವಕ್ಕೆ ಗೊತ್ತುಂಟು. ಗೊತ್ತಿಲ್ಲದ್ದು ಅಣ್ಣನಿಗೆ ಮಾತ್ರ. ಅವ ಇರುವವರೆಗೆ ಗೊತ್ತಾಗುವುದೂ ಬೇಡ."

ಯಜಮಾನರು ಕಳೆದ ವರ್ಷ ತೀರಿಕೊಂಡರು. ಇದನ್ನು ಬರೆಯುವ ಮೊದಲು ಲೀಲಕ್ಕನನ್ನು ಕೇಳಿದೆ, ಬರೆಯಿರಿ ಎಂದರು.

ದೈವವನ್ನು ನಾನು ಅಳೆದು ನೋಡಿದವನಲ್ಲ, ಹಾಗಾಗಿ ಇದೆಯೆಂದೂ ಇಲ್ಲವೆಂದೂ ಹೇಳಲಾರೆ. ಆದರೆ ಆ ಮನೆಯಲ್ಲಿ ಅದನ್ನು ನಂಬಿದ್ದು ಒಬ್ಬರೇ. ಉಳಿದವರು ನಂಬಿದ್ದು ಯಜಮಾನರನ್ನು. ಮೂವತ್ತೈದು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಜೀವ ಉಳಿದ ಕತೆ ಮೈಕಿನಲ್ಲಿ ಕೇಳಿಬಂದಾಗ ಚಪ್ಪಾಳೆ ತಟ್ಟುವ ಮೊದಲು, ಆ ಹೊತ್ತಿನಲ್ಲಿ ಅಲುಗಾಡದೆ ಕೂತಿದ್ದವರು ಯಾರೆಂದು ವಿಚಾರಿಸಬೇಕು. ಅವರು ಸಾಮಾನ್ಯವಾಗಿ ವೇದಿಕೆಯ ಮೇಲೆ ಇರುವುದಿಲ್ಲ. ಒಳಗೆ ಪಾಯಸ ಬಡಿಸುತ್ತಿರುತ್ತಾರೆ.