ಮಸಿ ಮಾಮ ಕೊಟ್ಟ ಐದು ನಿಮಿಷ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಮಸಿ ಮಾಮ ಎನ್ನುತ್ತಿದ್ದರು. ಪ್ಲಾಟಿನಮ್ ಪುಡಿಯ ಕಪ್ಪು ಮಸಿಯನ್ನು ತೆಳು ಹಾಳೆಗೆ ಬಳಿದು ಬಳಿದು, ಇಪ್ಪತ್ತಾರು ವರ್ಷದಲ್ಲಿ ಅವನ ಉಗುರು ಬೆಳ್ಳಗಿದ್ದದ್ದನ್ನು ಹೆಂಡತಿಯೂ ಕಂಡವಳಲ್ಲ. "ಮದುವೆ ಫೋಟೋದಲ್ಲೂ ಕೈ ಹಿಂದೆ ಕಟ್ಕೊಂಡಿದ್ದಾರೆ ನೋಡಿ" ಎಂದು ಆಡಿಕೊಂಡು ನಗುತ್ತಿದ್ದಳು. ಆ ಹಾಳೆಯ ಒಂದು ಬದಿಗೆ ಮೆಥನಾಲ್ ಬೆರೆಸಿದ ನೀರು, ಇನ್ನೊಂದು ಬದಿಗೆ ಗಾಳಿ ಬಿಟ್ಟರೆ ಕರೆಂಟು ಹುಟ್ಟುತ್ತದೆ. ಹುಟ್ಟುವುದೇನೋ ಹುಟ್ಟುತ್ತದೆ, ಬಾಳುವುದಿಲ್ಲ. ದಿನ ಕಳೆದಂತೆ ಮಸಿಯ ಕಸುವು ಇಳಿಯುತ್ತದೆ.

ಅದನ್ನು ಬಾಳಿಸಿಯೇ ತೀರುತ್ತೇನೆಂದು ಹನ್ನೆರಡು ವರ್ಷದಿಂದ ಹಟ ಹಿಡಿದವಳು ಅಲ್ಲಿನ ವಿಜ್ಞಾನಿ ಮೇಡಂ. ಬ್ರಷ್ಷು ಹಿಡಿಯುವುದನ್ನು ಅವಳಿಗೆ ಕಲಿಸಿದವನು ಇವನೇ. ಮಕ್ಕಳಿಲ್ಲದವನಿಗೆ ಅವಳೇ ಮಗಳು. ಅವಳ ಹೊಸ ಮಸಿ ಮೂರು ಸಾವಿರ ಗಂಟೆ ಒಮ್ಮೆಯೂ ನಿಲ್ಲದೆ ನಡೆಯಬೇಕು, ಇಲ್ಲವಾದರೆ ಅವಳ ಪ್ರಯೋಗದ ಕೋಣೆಗೆ ಬೀಗ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಏಳುನೂರು ಗಂಟೆಗೇ ಮೀಟರಿನ ಮುಳ್ಳು ಇಳಿಯತೊಡಗಿತು, ಜೊತೆಗೆ ಅವಳ ಮುಖವೂ. ಮಾಮನಿಗೆ ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಗಾಳಿಯ ನಲ್ಲಿಯನ್ನು ಐದು ನಿಮಿಷ ಮುಚ್ಚಿದ. ಮತ್ತೆ ತೆರೆದರೆ, ಅಬ್ಬಾ, ಮುಳ್ಳು ಮೊದಲಿನ ಜಾಗಕ್ಕೇ ಏರಿತ್ತು! ಅಂದಿನಿಂದ ದಿನಾ ಐದು ನಿಮಿಷ. ಅಂಕಿ ಬರೆಯುವ ಪುಸ್ತಕ ಅವನ ಕೈಯಲ್ಲೇ ಇತ್ತು. ಅದರಲ್ಲಿ ಮಾತ್ರ ಇದರ ಸುಳಿವೇ ಇಲ್ಲ. ಪೆದ್ದು ಪ್ರೀತಿ, ಇನ್ನೇನನ್ನಬೇಕು?

ಮೂರು ಸಾವಿರ ಮುಟ್ಟಿದ ದಿನ ಅವಳು ಅವನ ಎರಡೂ ಕೈ ಹಿಡಿದು ಅತ್ತಳು. ಅವಳ ಲೇಖನ ಅಚ್ಚಾಯಿತು. ಆರು ತಿಂಗಳಿಗೆ ಬೇರೆ ಊರಿನ ಪ್ರಯೋಗಾಲಯದಿಂದ ಪತ್ರ ಬಂತು: ನಿಮ್ಮ ಮಸಿಯನ್ನು ನೀವು ಬರೆದಂತೆಯೇ ಮೂರು ಸಲ ನಡೆಸಿದೆವು, ಒಂದು ಸಲವೂ ಸಾವಿರ ಗಂಟೆ ದಾಟಲಿಲ್ಲ.

ಅವಳು ಪತ್ರ ಹಿಡಿದು ಅವನ ಮೇಜಿನ ಬಳಿ ಬಂದಳು. "ಮಾಮ, ನಾವು ಏನಾದ್ರೂ ಬೇರೆ ಥರ ಮಾಡಿದ್ವಾ?"

ಮಾಮ ಎಲ್ಲ ಹೇಳಿಬಿಟ್ಟ.

ಅವಳು ಅಂಕಿಯ ಪುಸ್ತಕ ತೆರೆದು ಹಾಳೆ ತಿರುವಿದಳು. ಆಮೇಲೆ ಕೇಳಿದಳು: "ಐದೇ ನಿಮಿಷಕ್ಕೆ ಏರ್ತಿತ್ತಾ? ದಿನಾ?"

"ಹೂಂ ಕಣಮ್ಮ."

"ಅಯ್ಯೋ ಮಾಮ... ಹಾಗಾದ್ರೆ ಅದು ಸಾಯ್ತಿರಲಿಲ್ಲ, ದಣೀತಿತ್ತು ಅಷ್ಟೆ, ಸುಧಾರಿಸ್ಕೊಂಡ್ರೆ ಮತ್ತೆ ಏಳ್ತಿತ್ತು. ಹನ್ನೆರಡು ವರ್ಷ ನಾನು ಹುಡುಕಿದ್ದು ಅದನ್ನೇ. ಒಂದೇ ಒಂದು ಸಾಲು ಬರೆದಿಟ್ಟಿದ್ರೆ ಸಾಕಿತ್ತಲ್ಲ!"

"ಇನ್ನೊಂದ್ಸಲ ನಡೆಸೋಣಮ್ಮ, ಈ ಸಲ ಎಲ್ಲಾ ಬರೀತೀನಿ."

"ಸುಳ್ಳಿ ಅನ್ನಿಸ್ಕೊಂಡವಳಿಗೆ ಯಾರು ಕೋಣೆ ಕೊಡ್ತಾರೆ ಮಾಮ?"

ಆ ವಾರವೇ ಅವಳು ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದಳು. ತಪ್ಪೆಲ್ಲ ತನ್ನದೊಬ್ಬಳದೇ ಎಂದು ಅದರಲ್ಲಿತ್ತು. ಓದಿದ ಮಾಮ ಗೋಳೋ ಎಂದು ಅತ್ತ. "ನನ್ನ ಹೆಸರು ಹಾಕಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಮಾಡಿದ್ದು ನಾನು."

"ನೀವು ಬಳಿದ ಹಾಳೆ ಇಟ್ಕೊಂಡು ಅಷ್ಟೊಂದು ಲೇಖನ ಬರೆದೆ, ಒಂದರಲ್ಲೂ ನಿಮ್ಮ ಹೆಸರು ಹಾಕಲಿಲ್ಲ" ಎಂದಳು ಅವಳು. "ಇದೊಂದರಲ್ಲಿ ಯಾವ ಮುಖ ಇಟ್ಕೊಂಡು ಹಾಕಲಿ, ಮಾಮ?"