ಮುಳ್ಳು ಎತ್ತುವ ಕೈ

ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಶಿವಮೊಗ್ಗದ ಗಾಂಧಿ ಬಜಾರಿನ ಆ ಓಣಿಯಲ್ಲಿ ಬೆಳಗಿನಿಂದ ಅದೇ ಸದ್ದು. ನಸರುಲ್ಲಾ ಹಳೆಯ ಗ್ರಾಮಾಫೋನ್ ಪ್ಲೇಟುಗಳನ್ನು ಮೊಣಕಾಲಿಗೆ ಒತ್ತಿ ಮುರಿದು ಗೋಣಿಚೀಲಕ್ಕೆ ತುಂಬುತ್ತಿದ್ದ.

"ಏನ್ ಸಾಬ್ರೇ, ಹಪ್ಪಳ ಮುರೀತಿದ್ದೀರಾ? ನಮಗೂ ಒಂದೆರಡು ಬಡಿಸಿ," ಎಂದ ಪಕ್ಕದ ಜವಳಿ ಅಂಗಡಿಯ ಕೊಟ್ರಬಸಪ್ಪ.

"ಕಂಪನಿ ಹುಕುಂ ಮಾರಾಯ. ಇಡಿಯಾಗಿ ಕಳಿಸಿದರೆ ದಾರೀಲಿ ಯಾರಾದರೂ ಕದ್ದು ಮಾರ್ಕೋತಾರಂತೆ. ಮುರಿದೇ ಕಳಿಸಬೇಕು."

ಆ ವರ್ಷ ಪ್ಲೇಟು ಕಂಪನಿಯವರು ಹಳೆಯ ನಾಟಕದ ಹಾಡುಗಳನ್ನೆಲ್ಲ ಒಟ್ಟುಮಾಡಿ, ಹಲವು ಹಾಡು ಹಿಡಿಸುವ ಹೊಸ ಲಾಂಗ್ ಪ್ಲೇ ತಟ್ಟೆಗಳಲ್ಲಿ ಮತ್ತೆ ಹೊರತಂದಿದ್ದರು. ಸವೆದ ಪ್ಲೇಟು ತಂದುಕೊಟ್ಟವರಿಗೆ ಹೊಸದು ರಿಯಾಯಿತಿಯಲ್ಲಿ ಸಿಗುತ್ತಿತ್ತು. ಯಾರು ಯಾವುದನ್ನು ಕೊಳ್ಳಬೇಕೆಂದು ಹೇಳುವುದು ನಸರುಲ್ಲಾನ ಕೆಲಸ. ಮೂವತ್ತು ವರ್ಷದಿಂದ ಅವನು ಮಾಡಿಕೊಂಡು ಬಂದದ್ದೂ ಅದೊಂದನ್ನೇ. ಬಂದವರ ಮುಖ ನೋಡುತ್ತಿದ್ದ, ಒಂದೆರಡು ಮಾತಾಡಿಸುತ್ತಿದ್ದ, ಆಮೇಲೆ ಕಪಾಟಿನಿಂದ ಒಂದು ಪ್ಲೇಟು ಎಳೆಯುತ್ತಿದ್ದ. ಮದುವೆಮನೆಯವರಿಗೆ ಒಂದು, ಹೆಂಡತಿ ಸತ್ತವನಿಗೆ ಇನ್ನೊಂದು. ನಸರುಲ್ಲಾ ಆರಿಸಿಕೊಟ್ಟ ಪ್ಲೇಟು ಹುಸಿಹೋಗುವುದಿಲ್ಲ ಎಂಬ ಮಾತು ಭದ್ರಾವತಿಯ ಕಾರ್ಖಾನೆಯ ಲೈನುಮನೆಗಳವರೆಗೂ ಹಬ್ಬಿತ್ತು.

ಅಂಗಡಿಯನ್ನು ಅವನಿಗೆ ಬಿಟ್ಟುಹೋದ ಅಬ್ಬಾಸ್ ಅಲಿ ಸಾಹೇಬರು ಮೊದಲ ದಿನವೇ ಒಂದು ಪಾಠ ಹೇಳಿದ್ದರು: "ಗಿರಾಕಿಗೆ ರುಚಿ ತೋರಿಸು, ಹೊಟ್ಟೆ ತುಂಬಿಸಬೇಡ." ಪಲ್ಲವಿ ಮುಗಿಯಿತೋ ಇಲ್ಲವೋ, ಪ್ಲೇಟಿನಿಂದ ಮುಳ್ಳು ಎತ್ತಿಬಿಡಬೇಕು. ಅರ್ಧ ಕೇಳಿದವನು ಉಳಿದರ್ಧಕ್ಕಾಗಿ ಕೊಂಡೇ ಹೋಗುತ್ತಾನೆ. ಆ ಪಾಠ ನಸರುಲ್ಲಾನ ಕೈಗೇ ಹತ್ತಿಬಿಟ್ಟಿತ್ತು. ಮನೆಯಲ್ಲಂತೂ ಗ್ರಾಮಾಫೋನ್ ಪೆಟ್ಟಿಗೆಯೇ ಇರಲಿಲ್ಲ. "ಮಿಠಾಯಿಯವನ ಮನೇಲಿ ಸಕ್ಕರೆ ಇಲ್ಲ," ಎಂದು ಹೆಂಡತಿ ಮೆಹರ್ ಬಾನು ಚುಚ್ಚುತ್ತಿದ್ದಳು. ಸಾವಿರಾರು ಹಾಡುಗಳ ಪಲ್ಲವಿ ಅವನಿಗೆ ಬಾಯಿಪಾಠ. ಕೊನೆ ಒಂದರದ್ದೂ ಗೊತ್ತಿರಲಿಲ್ಲ.

ಮಧ್ಯಾಹ್ನದ ರೈಲಿಗೆ ಭದ್ರಾವತಿಯಿಂದ ಹಾಲಮ್ಮ ಬಂದಳು. ಕಬ್ಬಿಣದ ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಮಗನ ಕ್ವಾರ್ಟರ್ಸಿನಲ್ಲಿದ್ದ ಹೆಂಗಸು. ಹದಿನೈದು ದಿನದ ಕೆಳಗೆ ಸವೆದುಹೋದ ಒಂದು ಪ್ಲೇಟು ತಂದಿದ್ದಳು. ಅದರಲ್ಲಿದ್ದದ್ದು ಅವಳ ಅಕ್ಕ ಹೂವಮ್ಮ ನಾಟಕ ಕಂಪನಿಯಲ್ಲಿದ್ದಾಗ ಹಾಡಿದ ಒಂದೇ ಒಂದು ಹಾಡು. ಮರುವರ್ಷವೇ ಆಕೆ ಜ್ವರದಲ್ಲಿ ಹೋಗಿದ್ದಳು. "ಹಳೇದು ಬರೀ ಕರಕರ ಅನ್ನುತ್ತಲ್ಲಮ್ಮ, ಹೊಸದರಲ್ಲಿ ನಿಮ್ಮಕ್ಕ ಎದುರಿಗೇ ಕೂತು ಹಾಡಿದಂಗಿದೆ," ಎಂದು ನಸರುಲ್ಲಾನೇ ಪಲ್ಲವಿ ಕೇಳಿಸಿ, ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಟ್ಟಿದ್ದ.

ಈಗ ಆ ಹೊಸ ತಟ್ಟೆಯನ್ನು ಹಾಲಮ್ಮ ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಸಾಬ್ರೇ, ಇದು ಬ್ಯಾಡ. ನನ್ನ ಹಳೇದೇ ಕೊಟ್ಬಿಡಿ."

"ಯಾಕಮ್ಮ, ಗೀರು ಬಿತ್ತಾ?"

"ಗೀರೇನೂ ಇಲ್ಲ. ಹಾಡೂ ಚೆನ್ನಾಗೈತೆ. ಆದರೆ ಕೊನೇಗೆ ಅಕ್ಕ ತನ್ನ ಹೆಸರು ಹೇಳ್ತಿದ್ಲಲ್ಲ, ಅದೇ ಇಲ್ಲ."

ನಸರುಲ್ಲಾನಿಗೆ ಅರ್ಥವಾಗಲಿಲ್ಲ. ತಟ್ಟೆಯನ್ನು ಹಾಕಿದ. ಪಲ್ಲವಿ ಮುಗಿಯುತ್ತಿದ್ದಂತೆ ಕೈ ತಾನಾಗಿ ಮುಳ್ಳಿನತ್ತ ಹೋಯಿತು. "ಇರಿ, ಇರಿ," ಎಂದಳು ಹಾಲಮ್ಮ. ಅವನು ಕೈ ಹಿಂದೆಳೆದುಕೊಂಡ. ಚರಣ ಬಂತು, ಇನ್ನೊಂದು ಚರಣ ಬಂತು. ಇಷ್ಟು ಚೆಂದದ ಏರಿಳಿತ ಇದರಲ್ಲಿತ್ತೇ ಎಂದು ಅವನಿಗೆ ಅಚ್ಚರಿಯಾಯಿತು. ಹಾರ್ಮೋನಿಯಂ ನಿಂತಿತು. ಒಂದು ಗಳಿಗೆ ಮೌನ, ಅಷ್ಟರಲ್ಲೇ ಬೇರೆ ಯಾರದೋ ಹಾಡು ಶುರುವಾಯಿತು.

"ಅಲ್ಲೇ ಇತ್ತು ಸಾಬ್ರೇ. ಹಾರ್ಮೋನಿಯಂ ನಿಂತ ಕೂಡಲೇ. ಆಗಿನವರೆಲ್ಲ ಹಾಡು ಮುಗಿದ ಮೇಲೆ ಹೆಸರು ಹೇಳ್ತಿದ್ರಲ್ಲ."

ಪ್ಲೇಟು ಕಂಪನಿಯವರು ಅದನ್ನು ಕತ್ತರಿಸಿದ್ದರು. ಅವರಿಗೆ ಅದು ಬೇಡದ ಮಾತು.

"ಹಾಡು ನಾಟಕದ ಮೇಷ್ಟ್ರು ಕಲಿಸಿದ್ದು. ರಾಗಾನೂ ಅವರದ್ದೇ," ಎಂದಳು ಹಾಲಮ್ಮ. "ಹೆಸರು ಹೇಳುವಾಗ ಮಾತ್ರ ಅವಳು ಮನೇಲಿ ಮಾತಾಡಿದಂಗೆ ಇರ್ತಿತ್ತು. ನನ್ನ ಕರೆದಂಗೇ ಇರ್ತಿತ್ತು. ಹಳೇದು ಕರಕರ ಅಂದ್ರೂ ಅಡ್ಡಿಯಿಲ್ಲ, ಕೊಡಿ."

ನಸರುಲ್ಲಾ ಮೂಲೆಯ ಗೋಣಿಚೀಲದ ಕಡೆ ನೋಡಿದ. ಹಾಲಮ್ಮನೂ ನೋಡಿದಳು. ಬಾಯಿ ತೆರೆದ ಚೀಲದೊಳಗೆ ಕಪ್ಪು ಚೂರುಗಳು.

"ಬೆಳಿಗ್ಗೆ..." ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕುಳಿತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೋಗ್ಲಿ ಬಿಡಿ. ಬೇಕಂತ ಮಾಡಿದ್ದಲ್ಲವಲ್ಲ," ಎಂದಳು ಕೊನೆಗೆ. "ಆ ಪ್ಲೇಟು ಬಂದಾಗ ಮಾರಿದೋರು ನೀವೇ ಅಲ್ವಾ? ಎಷ್ಟೋ ಸಲ ಹಾಕಿರ್ತೀರಿ. ನನಗೆ ಈಗೀಗ ಮರೀತಾ ಐತೆ. 'ಶಿವಮೊಗ್ಗದ ಹೂವಮ್ಮ' ಅಂತಿದ್ಲೋ, 'ಹೂವಮ್ಮ, ಶಿವಮೊಗ್ಗ' ಅಂತಿದ್ಲೋ? ಹೇಳೋಕೆ ಮುಂಚೆ ಒಂಚೂರು ನಗ್ತಿದ್ಲು, ಅಲ್ವಾ? ಇಲ್ಲಾ ನನ್ನ ಭ್ರಮೆಯೋ? ನೀವು ಹೇಳಿದ್ರೆ ನಂಬ್ತೀನಿ."

ಏನು ಹೇಳಿದರೂ ಅವಳು ನಂಬುತ್ತಿದ್ದಳು. ಅದನ್ನೇ ಭದ್ರಾವತಿಗೆ ಹೊತ್ತುಕೊಂಡು ಹೋಗಿ ಸಾಯುವವರೆಗೂ ಇಟ್ಟುಕೊಳ್ಳುತ್ತಿದ್ದಳು. ಆದರೆ ನಸರುಲ್ಲಾನ ಕಿವಿಯಲ್ಲಿ ಆ ಹಳೆಯ ಪ್ಲೇಟಿನ ಪಲ್ಲವಿಯಷ್ಟೇ ಇತ್ತು; ಪ್ರತಿ ಸಲವೂ ಅಲ್ಲೇ ಮುಳ್ಳು ಎತ್ತಿದ್ದ.

ಮೇಜು ಹಿಡಿದು ಎದ್ದ. ಚಪ್ಪಲಿ ಮೆಟ್ಟಿದ.

"ನೆನಪು ಮಾಡ್ಕೊಳ್ಳಿ ಸಾಬ್ರೇ, ಅವಸರವಿಲ್ಲ. ಸಂಜೆ ರೈಲಿಗೆ ಇನ್ನೂ ಹೊತ್ತೈತೆ. ಮೊದಲು ಊರಿನ ಹೆಸರಾ, ಇಲ್ಲಾ..."

ಅವಳ ಮಾತು ನಡೆದೇ ಇತ್ತು. ನಸರುಲ್ಲಾ ಮೆಟ್ಟಿಲಿಳಿದು, ಅವಳನ್ನು ಅಂಗಡಿಯಲ್ಲೇ ಬಿಟ್ಟು, ಜನರ ನಡುವೆ ಕೋಟೆಯ ಕಡೆಗೆ ನಡೆದುಹೋದ.